ಊರಿಗೆ ಹೊರಟವರು, ಉಳಿದವರು

ಮಿಷನರಿಗಳು ಬರೆದ ಪತ್ರ, ದಿನಚರಿ, ವರದಿಗಳನ್ನು ಓದುತ್ತ ಹೋದರೆ ಒಂದು ದಿನ ಮತ್ತೆ ಮತ್ತೆ ಎದುರಾಗುತ್ತದೆ. ರಜೆಯ ಮೇಲೆ ಸ್ವದೇಶಕ್ಕೆ ಹೊರಡುವ ಮುನ್ನಾದಿನ ಅದು. ಊರು ಬೇರೆ, ಭಾಷೆ ಬೇರೆ, ಪಂಥ ಬೇರೆಯಾದರೂ ಆ ದಿನದ ವರ್ಣನೆ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಎದ್ದರೆ ಅಂಗಳದಲ್ಲಿ ಜನ. ಶಾಲೆಯ ಹುಡುಗರ ಲೆಕ್ಕ ಒಪ್ಪಿಸಬೇಕು, ಅಚ್ಚುಕೂಟದ ಕರಡು ತಿದ್ದಬೇಕು, ಕೂಲಿಯವರ ಬಾಕಿ ಕೊಡಬೇಕು. ನಡುವೆ ಯಾರೋ ಜ್ವರದ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಇನ್ನಾರೋ ಹಳೆಯ ಜಗಳದ ತೀರ್ಪಿಗೆ ಬರುತ್ತಾರೆ. ಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದಿನಲ್ಲೇ ಸಂಜೆಯ ಪ್ರಾರ್ಥನೆ ನಡೆಯುತ್ತದೆ. ಹೆಂಗಸರು ಅಳುತ್ತಾರೆ. ರಾತ್ರಿ ದೀಪದ ಬೆಳಕಿನಲ್ಲಿ ಪಾದ್ರಿ ಕೊನೆಯ ಪತ್ರ ಬರೆಯಲು ಕೂರುತ್ತಾರೆ. ನಾವು ಓದುತ್ತಿರುವುದು ಆ ಪತ್ರವನ್ನೇ.

ಇದರಲ್ಲಿ ಸುಳ್ಳೇನೂ ಇಲ್ಲ. ಆ ಜನರು ನಿಜವಾಗಿಯೂ ಬಂದಿರಬೇಕು, ನಿಜವಾಗಿಯೂ ಅತ್ತಿರಬೇಕು. ನಮಗೆ ತೊಡಕಾಗುವುದು ಬೇರೆ ಕಡೆ. ಈ ದಿನವನ್ನು ಯಾವಾಗಲೂ ಹೊರಡುವವರೇ ಬರೆಯುತ್ತಾರೆ, ಉಳಿಯುವವರು ಬರೆಯುವುದಿಲ್ಲ. ಬರೆದದ್ದನ್ನು ಓದುವವರೂ ಇಲ್ಲಿಯವರಲ್ಲ. ಮಂಗಳೂರು, ಧಾರವಾಡ, ಕೊಡಗಿನಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ 1828ರಿಂದಲೇ ತನ್ನ ಬೆಂಬಲಿಗರಿಗಾಗಿ ಜರ್ಮನ್ ಭಾಷೆಯಲ್ಲಿ ಪತ್ರಿಕೆಯೊಂದನ್ನು ಹೊರಡಿಸುತ್ತಿತ್ತು. ಇಲ್ಲಿಂದ ಹೋದ ವರದಿಗಳು ಅದರಲ್ಲಿ ಅಚ್ಚಾಗುತ್ತಿದ್ದವು. ವುರ್ಟೆಂಬರ್ಗಿನ ಹಳ್ಳಿಗಳ ರೈತರು, ನೇಕಾರರು, ವಿಧವೆಯರು ಅದನ್ನು ಓದಿಸಿ ಕೇಳುತ್ತಿದ್ದರು. 1855ರ ನಂತರ ಅಂಥ ಬಡವರಿಂದ ವಾರಕ್ಕೊಂದು ಪುಡಿಕಾಸು ಕೂಡಿಸುವ ವ್ಯವಸ್ಥೆಯೂ ಬಂತು. ಕಾಸು ಕೊಟ್ಟವರಿಗೆ ಲೆಕ್ಕ ಕೊಡಬೇಕಾದದ್ದು ನ್ಯಾಯವೇ. ಆದರೆ ಆ ಲೆಕ್ಕದ ಪುಸ್ತಕ ಮಂಗಳೂರಿನ ಅಂಗಳದಲ್ಲಿ ನಿಂತು ಅತ್ತವರ ಕಣ್ಣಿಗೆ ಬೀಳಲಿಲ್ಲ. ಅವರ ಕಣ್ಣೀರು ಅದರಲ್ಲಿ ಜಮೆಯಾದ ಸಂಗತಿ ಅವರಿಗೇ ಗೊತ್ತಾಗಲಿಲ್ಲ.

ಕನ್ನಡದಲ್ಲಿ ಮಿಷನರಿಗಳ ಬಗ್ಗೆ ಬಂದಿರುವ ಬರಹ ಕಡಿಮೆಯೇನಲ್ಲ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಹತ್ತೊಂಬತ್ತನೆಯ ಶತಮಾನದ ಕತ್ತಲೆಯಲ್ಲಿ ದೀಪ ಹಿಡಿದ ಗ್ರಂಥ. ಮಿಷನರಿಗಳು ಏನು ಅಚ್ಚು ಹಾಕಿದರು, ಯಾವಾಗ, ಎಲ್ಲಿ ಎಂಬುದನ್ನು ಅಷ್ಟು ಶ್ರದ್ಧೆಯಿಂದ ಕಲೆಹಾಕಿದವರು ವಿರಳ. ಆದರೆ ಅವರ ನಂತರ ಬಂದ ನಾವು ಆ ಶ್ರದ್ಧೆಯನ್ನು ಬಿಟ್ಟು ಒಂದು ಪದವನ್ನು ಮಾತ್ರ ಇಟ್ಟುಕೊಂಡೆವು: ‘ಕೊಡುಗೆ’. ಮಿಷನರಿಗಳ ಕೊಡುಗೆ, ಕಿಟೆಲ್‌ರ ಕೊಡುಗೆ, ಮುಸ್ಲಿಮರ ಕೊಡುಗೆ, ಜೈನರ ಕೊಡುಗೆ. ಶಾಲೆಯ ಪ್ರಬಂಧದಿಂದ ಹಿಡಿದು ವಿಚಾರ ಸಂಕಿರಣದವರೆಗೆ ಇದೇ ತಲೆಬರಹ. ಕೊಡುಗೆ ಎಂದೊಡನೆ ಕೊಟ್ಟವರು ಹೊರಗಿನವರು, ಪಡೆದವರು ಮನೆಯವರು ಎಂದು ತೀರ್ಮಾನವಾಗಿಬಿಡುತ್ತದೆ. ಈ ನೆಲದಲ್ಲೇ ಹುಟ್ಟಿ ಬೆಳೆದ ಸಮುದಾಯಗಳನ್ನೂ ಅತಿಥಿಗಳ ಸಾಲಿನಲ್ಲಿ ನಿಲ್ಲಿಸುವ ಈ ಪದದ ಬಗ್ಗೆ ನಮಗೆ ಮೊದಲಿಂದಲೂ ಗುಮಾನಿ ಇದೆ. ಅದು ಇಲ್ಲಿನ ವಿಷಯವಲ್ಲ, ಇರಲಿ. ಮಿಷನರಿಯ ಮಟ್ಟಿಗೆ ನೋಡಿದರೆ ‘ಕೊಡುಗೆ’ಯ ಕಣ್ಣಿಗೆ ಕಾಣುವುದು ಅವರು ಬಂದದ್ದು ಮತ್ತು ಕೊಟ್ಟದ್ದು ಮಾತ್ರ. ಅವರು ಹೋದದ್ದು ಕಾಣುವುದಿಲ್ಲ.

ನಮ್ಮ ಕಾದಂಬರಿಗಳಲ್ಲೂ ಹೀಗೇ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಪಾದ್ರಿ ಎಂದರೆ ಭೂಮಿಯ ಆಸೆ. ಹೊಲೆಯನಾದ ಚೋಮನಿಗೆ ಬೇಸಾಯಕ್ಕೆ ನೆಲ ಕೊಡಲು ಒಡೆಯನ ಮನೆಯವರು ಒಪ್ಪುವುದಿಲ್ಲ. ಮತ ಬದಲಿಸಿದರೆ ಭೂಮಿ ಸಿಗಬಹುದೆಂಬ ಮಾತು ಅವನನ್ನು ಕಾಡುತ್ತದೆ. ಮಗ ಗುರುವ ಆ ದಾರಿ ಹಿಡಿಯುತ್ತಾನೆ. ಚೋಮ ಹೊರಟವನು ತನ್ನ ದೈವದ ನೆನಪಿನಿಂದ ಹಿಂದಿರುಗುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ ಬೈಸಿಕಲ್ಲಿನ ಮೇಲೆ ಬರುತ್ತಾರೆ. ಮಲೆನಾಡಿನ ಕಾಡುದಾರಿಯಲ್ಲಿ ಆ ಎರಡು ಗಾಲಿ ಹೊಸ ಕಾಲವೇ ಉರುಳಿ ಬಂದಂತೆ ಕಾಣುತ್ತದೆ. ಎರಡೂ ದೊಡ್ಡ ಕೃತಿಗಳು, ಎರಡೂ ಪಾದ್ರಿಯನ್ನು ಊರಿನ ಕಣ್ಣಿನಿಂದ ನೋಡಿದ ಕೃತಿಗಳು. ಆದರೂ ನಾವು ಓದಿದ ಮಟ್ಟಿಗೆ ಕನ್ನಡ ಕಥೆಗಾರರು ಪಾದ್ರಿ ಬರುವುದನ್ನು ಬರೆದಷ್ಟು ಮನಸ್ಸಿಟ್ಟು ಆತ ಗಂಟುಮೂಟೆ ಕಟ್ಟಿ ಹೊರಡುವುದನ್ನು ಬರೆದಿಲ್ಲ. ಗುರುವನ ಮನೆಯ ಮುಂದೆ ಒಂದು ದಿನ ಬಿಳಿಯ ದೊರೆ ಹೋಗಿಬರುತ್ತೇನೆಂದು ಹೇಳಿದ್ದರೆ ಗುರುವ ಏನೆನ್ನುತ್ತಿದ್ದ? ಊರಿನವರಿಂದ ದೂರವಾಗಿ ಪಾದ್ರಿಯ ಆಸರೆಗೆ ಬಂದವನನ್ನು ಪಾದ್ರಿಯೂ ಬಿಟ್ಟು ಹೊರಟಾಗ ಅವನ ಊರು ಯಾವುದು?

ಈ ಪ್ರಶ್ನೆ ಕಲ್ಪನೆಯದಲ್ಲ. ಇತಿಹಾಸದಲ್ಲಿ ಇದಕ್ಕೆ ಹೆಸರಿದೆ, ಮುಖವಿದೆ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಅವರು ಹೊರತಂದ ‘ಮಂಗಳೂರ ಸಮಾಚಾರ’ವನ್ನು ಕನ್ನಡದ ಮೊದಲ ಪತ್ರಿಕೆ ಎಂದು ಎಲ್ಲರೂ ಬಲ್ಲರು. ಪ್ರತಿವರ್ಷ ಆ ದಿನ ಪತ್ರಕರ್ತರ ಸಂಘಗಳು ಅವರ ಪಟಕ್ಕೆ ಹಾರ ಹಾಕುತ್ತವೆ. ಮರುವರ್ಷವೇ ಆ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತೆಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅದೇ ವರ್ಷ, 1844ರ ಜನವರಿಯಲ್ಲಿ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿಣ್ಯ ಎಂಬ ಹತ್ತೊಂಬತ್ತರ ಆಸುಪಾಸಿನ ತರುಣ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ಪಡೆದ. ಮೋಗ್ಲಿಂಗರ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿಣ್ಯನಾದ. ಊರು ಅಲ್ಲೋಲಕಲ್ಲೋಲವಾಯಿತು. ಮನೆಯವರು ಅವನನ್ನು ಕಳೆದುಕೊಂಡೆವೆಂದುಕೊಂಡರು. ಎಳೆಯ ಪತ್ನಿ ತವರಿನ ಕಡೆಯೇ ಉಳಿದಳು.

ಆ ದಶಕದ ನಡುವೆ ಮೋಗ್ಲಿಂಗ್ ಒಮ್ಮೆ ಸ್ವದೇಶಕ್ಕೆ ಹೋಗಿಬಂದರು. ಆಗ ಕೌಂಡಿಣ್ಯನೂ ಯುರೋಪಿಗೆ ಹೋದ. 1846ರಿಂದ 1851ರವರೆಗೆ ಬಾಸೆಲ್ಲಿನ ಮಿಷನ್ ಶಾಲೆಯಲ್ಲಿ ಓದಿ, ದೀಕ್ಷಿತ ಮಿಷನರಿಯಾಗಿ ಮರಳಿದ. ಈ ಪ್ರಯಾಣವನ್ನು ಎರಡು ಕಡೆಯಿಂದ ನೋಡಬೇಕು. ಮೋಗ್ಲಿಂಗರಿಗೆ ಅದು ಊರಿಗೆ ಹೋಗುವ ದಾರಿ. ಕೌಂಡಿಣ್ಯನಿಗೆ ಊರು ಬಿಡುವ ದಾರಿ. ಒಬ್ಬರಿಗೆ ರಜೆ, ಇನ್ನೊಬ್ಬನಿಗೆ ಸಮುದ್ರ ದಾಟಿದ ಬ್ರಾಹ್ಮಣನೆಂಬ ಎರಡನೆಯ ಕಳಂಕ. ಒಬ್ಬರು ಮರಳಿ ಬರುವ ದಿನವನ್ನು ತಾವೇ ನಿರ್ಧರಿಸಬಲ್ಲರು. ಇನ್ನೊಬ್ಬನಿಗೆ ಮರಳಿ ಬಂದರೂ ಸೇರಲು ಮನೆಯಿಲ್ಲ. ಹೊರಡುವ ಮುನ್ನಾದಿನದ ಗಡಿಬಿಡಿಯಲ್ಲಿ ಪೆಟ್ಟಿಗೆ ತುಂಬಿದವರು ಇಬ್ಬರೂ ಇದ್ದಾರೆ. ಆದರೆ ಎರಡು ಪೆಟ್ಟಿಗೆಗಳ ತೂಕ ಒಂದೇ ಅಲ್ಲ. ನಗರದ ಇನ್ನೊಂದು ಬೀದಿಯಲ್ಲಿ, ಆ ಪೆಟ್ಟಿಗೆಗಳನ್ನು ನೋಡಲೂ ಬಾರದೆ ಕೂತಿದ್ದ ಮನೆಯೊಂದರ ದಿನ ಹೇಗಿತ್ತೆಂಬುದು ಯಾವ ಮಿಷನ್ ಪತ್ರಿಕೆಯ ಓದುಗರಿಗೂ ಬೇಕಿರಲಿಲ್ಲ. ಆ ಪತ್ನಿ ಮುಂದೆಯೂ ಅವನ ಬಳಿಗೆ ಬರಲಿಲ್ಲ. ವರ್ಷಗಳ ನಂತರ, 1860ರಲ್ಲಿ, ಕೌಂಡಿಣ್ಯ ಜರ್ಮನಿಯಿಂದ ಬಂದ ಮಹಿಳೆಯೊಬ್ಬರನ್ನು ಮದುವೆಯಾದ.

ಕೌಂಡಿಣ್ಯನನ್ನು ಬಲಿಪಶು ಎಂದು ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ತನ್ನ ಆತ್ಮಸಾಕ್ಷಿಯ ದಾರಿಯನ್ನು ತಾನೇ ಆರಿಸಿಕೊಂಡ, ಅದಕ್ಕೆ ತೆರಬೇಕಾದ ಬೆಲೆಯನ್ನೆಲ್ಲ ತೆತ್ತ, ಕೊನೆಯವರೆಗೂ ದುಡಿದ ಮನುಷ್ಯ ಆತ. ಮತಾಂತರ ಎಂದೊಡನೆ ಆಮಿಷ ಎಂದೋ ಬಲವಂತ ಎಂದೋ ಕೂಗುವವರಿಗೆ ಕೌಂಡಿಣ್ಯನ ಬದುಕು ಒಗ್ಗುವುದಿಲ್ಲ. ಅದೇ ವೇಳೆ ಮಿಷನರಿಗಳನ್ನು ದೇವದೂತರಂತೆ ಹೊಗಳುವವರಿಗೂ ಅದು ಒಗ್ಗುವುದಿಲ್ಲ. ಮೋಗ್ಲಿಂಗರ ಪಟಕ್ಕೆ ಹಾರ ಹಾಕುವ ಸಭೆಗಳಲ್ಲಿ ಕೌಂಡಿಣ್ಯನ ಹೆಸರು ಕೇಳಿಬರುವುದು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮೋಗ್ಲಿಂಗರ ಎರಡನೆಯ ಹೊರಡುವಿಕೆ 1860ರದು. ಅಷ್ಟರಲ್ಲಿ ಅವರು ಮಂಗಳೂರು ಬಿಟ್ಟು ಕೊಡಗಿಗೆ ಬಂದು ಏಳು ವರ್ಷವಾಗಿತ್ತು. ಸೋಮಯ್ಯ ಎಂಬ ಕೊಡವರೊಬ್ಬರು ದೀಕ್ಷೆ ಕೇಳಿ ಬಂದದ್ದು ಅದಕ್ಕೆ ನೆಪ. ಕೊಡಗಿನಲ್ಲಿ ಮೋಗ್ಲಿಂಗ್ ಕಂಡದ್ದು ಜಮ್ಮಾ ಭೂಮಿಗೆ ತಲೆತಲಾಂತರದಿಂದ ಕಟ್ಟುಬಿದ್ದಿದ್ದ ಹೊಲೆಯರ ಆಳುತನವನ್ನು. ಅವರಿಗಾಗಿ ಆನಂದಪುರ ಎಂಬ ನೆಲೆ ಕಟ್ಟಿದರು. ಕಾಡು ಕಡಿದು ಕಾಫಿ ನೆಟ್ಟು, ಆಳುಗಳು ತಮ್ಮ ಕಾಲಮೇಲೆ ತಾವು ನಿಲ್ಲಬೇಕೆಂಬುದು ಯೋಜನೆ. ಚೋಮನ ಕನಸಿಗೆ ಮುಕ್ಕಾಲು ಶತಮಾನ ಮೊದಲು ಬಂದ ಉತ್ತರ ಎನ್ನಬಹುದು. ಕಾಫಿ ಫಸಲು ಕೊಡಲು ವರ್ಷಗಳು ಬೇಕು. ಬಾಸೆಲ್ಲಿನ ಸಮಿತಿಗೆ ಅಷ್ಟು ತಾಳ್ಮೆಯೂ ಇರಲಿಲ್ಲ, ಅಷ್ಟು ಹಣವೂ ಇರಲಿಲ್ಲ. ಹಣದ ತಾಪತ್ರಯ ಮೋಗ್ಲಿಂಗರ ಬೆಂಬಿಡಲಿಲ್ಲ.

ಅವರ ಪತ್ನಿ ಪೌಲಿನ್, 1855ರಲ್ಲಿ ತೀರಿಕೊಂಡ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆಯ ವಿಧವೆ. ಆಕೆಯ ಕಾಯಿಲೆಯೇ 1860ರ ಪ್ರಯಾಣಕ್ಕೆ ಕಾರಣವಾಯಿತು. ಹೊರಟವರು ಮತ್ತೆ ಈ ನೆಲವನ್ನು ನೋಡಲಿಲ್ಲ. ಜರ್ಮನಿಯಲ್ಲೇ ಬರೆದರು, ಭಾಷಣ ಮಾಡಿದರು, 1881ರಲ್ಲಿ ತೀರಿಕೊಂಡರು. ಹೋಗಿಬರುತ್ತೇನೆ ಎನ್ನುವುದು ಕನ್ನಡದ ಶಿಷ್ಟಾಚಾರ. ‘ಹೋಗುತ್ತೇನೆ’ ಎಂದರೆ ಅಪಶಕುನ. ಆನಂದಪುರದ ಜನರಿಗೆ ಅವರು ಹೇಳಿದ್ದು ಏನೇ ಇರಲಿ, ಆದದ್ದು ಹೋಗುವುದಷ್ಟೇ. ಅಲ್ಲಿ ಉಳಿದದ್ದು ಅರ್ಧ ಬೆಳೆದ ತೋಟ, ಹಳೆಯ ಒಡೆಯರ ಮುನಿಸು, ಹೊಸ ಒಡೆಯರ ಲೆಕ್ಕಪತ್ರ. ಇಲ್ಲಿ ನಮ್ಮ ವಿಮರ್ಶೆ ಮೋಗ್ಲಿಂಗರ ಮೇಲಲ್ಲ. ಕಾಯಿಲೆಯ ಹೆಂಡತಿಯನ್ನು ಬದುಕಿಸಿಕೊಳ್ಳಲು ಹೊರಟ ಗಂಡನನ್ನು ಯಾರು ತಾನೇ ದೂರುವರು? ವಿಮರ್ಶೆ ಇರುವುದು ಕಥೆಯನ್ನು ಅಲ್ಲಿಗೇ ಮುಗಿಸುವ ನಮ್ಮ ಚರಿತ್ರೆಕಾರರ ಮೇಲೆ. ಮೋಗ್ಲಿಂಗರ ಜೀವನಚರಿತ್ರೆ 1860ರ ನಂತರ ಹಡಗು ಹತ್ತಿ ಅವರ ಹಿಂದೆ ಜರ್ಮನಿಗೆ ಹೋಗುತ್ತದೆ, ತೋಟದಲ್ಲಿ ನಿಲ್ಲುವುದಿಲ್ಲ.

ಇನ್ನು ಕಿಟೆಲ್. ಫರ್ಡಿನೆಂಡ್ ಕಿಟೆಲ್ ಬಂದದ್ದು 1853ರಲ್ಲಿ. ಮಿಷನ್ನಿನ ಹಿರಿಯರಿಗೆ ಆತ ಅಷ್ಟೇನೂ ಅಚ್ಚುಮೆಚ್ಚಿನವರಲ್ಲ. ಮತ ಪ್ರಚಾರ ಬಿಟ್ಟು ಹಳಗನ್ನಡದ ಛಂದಸ್ಸು, ವ್ಯಾಕರಣಗಳಲ್ಲಿ ಮುಳುಗಿದವರು ಎಂಬ ದೂರು. ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಅಚ್ಚುಹಾಕಿಸಿದರು. 1877ರಲ್ಲಿ ಸ್ವದೇಶಕ್ಕೆ ಮರಳಿದರು. ಹಾಗೆಯೇ ಉಳಿದುಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ, ಇಪ್ಪತ್ತನಾಲ್ಕು ವರ್ಷ ದುಡಿದಿದ್ದರು. ಆದರೆ ನಿಘಂಟು ಅರ್ಧಕ್ಕೆ ನಿಂತಿತ್ತು. 1883ರಲ್ಲಿ ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲೇ ಬಿಟ್ಟು, ಐವತ್ತು ದಾಟಿದ ವಯಸ್ಸಿನಲ್ಲಿ ಒಬ್ಬರೇ ಮತ್ತೆ ಬಂದರು. 1892ರವರೆಗೆ ಇಲ್ಲಿದ್ದು ಪದ ಹೆಕ್ಕಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಆ ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಾಗ ಅವರು ಟ್ಯೂಬಿಂಗೆನ್‌ನಲ್ಲಿದ್ದರು.

ಹಾಗಾದರೆ ಕಿಟೆಲ್‌ರ ಪಾಲಿಗೆ ಊರಿಗೆ ಹೊರಡುವ ಮುನ್ನಾದಿನ ಯಾವುದು? 1877ರಲ್ಲಿ ಇಲ್ಲಿಂದ ಹೊರಟದ್ದೋ, 1883ರಲ್ಲಿ ಹೆಂಡತಿ ಮಕ್ಕಳಿಗೆ ವಿದಾಯ ಹೇಳಿದ್ದೋ? ನಮ್ಮವರು ಕಿಟೆಲ್‌ರನ್ನು ಕನ್ನಡಿಗನೆಂದೇ ಕರೆಯುತ್ತಾರೆ. ಬೆಂಗಳೂರಿನಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ, ಧಾರವಾಡದಲ್ಲಿ ಕಾಲೇಜಿಗೆ ಅವರ ಹೆಸರಿದೆ. ಆ ಅಭಿಮಾನ ಒಳ್ಳೆಯದೇ. ಆದರೆ ಅದರಲ್ಲಿ ಒಂದು ಅನುಕೂಲವೂ ಅಡಗಿದೆ. ಕನ್ನಡದ ಮೇಲಿನ ಪ್ರೀತಿಗಾಗಿ ಮನೆ ತೊರೆದರು ಎಂದುಬಿಟ್ಟರೆ ಎಲ್ಲವೂ ಮುಗಿಯುತ್ತದೆ. ಅಲ್ಲಿ ಒಂಬತ್ತು ವರ್ಷ ತಂದೆಯಿಲ್ಲದೆ ಬೆಳೆದ ಮಕ್ಕಳ ಕಡೆಗೆ, ಇಲ್ಲಿ ಒಂದೊಂದು ಪದವನ್ನೂ ನುಡಿದು, ವಿವರಿಸಿ, ಗಾದೆ ಹೇಳಿಕೊಟ್ಟ ಪಂಡಿತರು, ಒಕ್ಕಲಿಗರು, ಹೆಂಗಸರ ಕಡೆಗೆ ನೋಡುವ ಕೆಲಸ ತಪ್ಪುತ್ತದೆ.

ಮಕ್ಕಳ ಮಾತು ಬಂದಿದ್ದರಿಂದ ಒಂದು ಸಂಗತಿ. 1853ರಿಂದ ಬಾಸೆಲ್ ಮಿಷನ್ನಿನ ನಿಯಮವೊಂದಿತ್ತು. ಮಿಷನರಿಗಳ ಮಕ್ಕಳನ್ನು ಆರೇಳು ವರ್ಷದೊಳಗೆ ಯುರೋಪಿಗೆ ಕಳಿಸಬೇಕು. ಅವರಿಗಾಗಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೊಂದನ್ನು ಕಟ್ಟಿದ್ದರು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮೇರಿ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಈ ನಿಯಮ ಬರುವ ಮೊದಲೇ, ತಂದೆತಾಯಿ ರಜೆಗೆ ಹೋದಾಗ ಆಕೆಯನ್ನು ಕರೆದೊಯ್ದು ಅಲ್ಲೇ ಬಿಟ್ಟು ಬಂದರು. ಮತ್ತೆ ಮಲಬಾರಿಗೆ ಬಂದಾಗ ಹದಿನೈದು ವರ್ಷ. ಮುಂದೆ ಆಕೆಯ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್. ಮಗು ಹುಟ್ಟಿದ ಊರಿನಿಂದ ತಂದೆಯ ಊರಿಗೆ ಹೋಗುವುದನ್ನು ‘ಮನೆಗೆ ಹೋಗುವುದು’ ಎನ್ನಬೇಕೆ? ಆಯಾಳ ಮಡಿಲಲ್ಲಿ ಮಲಯಾಳವನ್ನೋ ತುಳುವನ್ನೋ ಕನ್ನಡವನ್ನೋ ಮೊದಲ ಮಾತಾಗಿ ಕಲಿತ ಮಕ್ಕಳವು. ಮುನ್ನಾದಿನ ಅಂಗಳದಲ್ಲಿ ಅತ್ತ ಹೆಂಗಸರಲ್ಲಿ ಆ ಆಯಾಗಳೂ ಇದ್ದಿರಬೇಕು. ಅವರು ಅತ್ತದ್ದು ದೊರೆ ಸುವಾರ್ತೆ ಸಾರಿದ್ದಕ್ಕಾಗಿ ಎಂದು ಪತ್ರ ಬರೆದವರು ಭಾವಿಸಿದ್ದರೆ ಅದು ಅವರ ಓದು. ಸಾಕಿದ ಕೂಸನ್ನು ಹಡಗು ಹತ್ತಿಸಿದ ಹೆಣ್ಣಿನ ಅಳುವಿಗೆ ಬೇರೆ ಟಿಪ್ಪಣಿ ಬೇಕಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಕಿಟೆಲ್ ತಮ್ಮ ನಿಘಂಟಿನಲ್ಲಿ ಹಿಂದುಸ್ತಾನಿಯಿಂದ, ಮರಾಠಿಯಿಂದ ಬಂದ ಪದಗಳಿಗೆ ಪ್ರತ್ಯೇಕ ಗುರುತು ಹಾಕಿದ್ದಾರೆ. ಅವನ್ನು ಹೊರಗಿಡಲಿಲ್ಲ, ಜನ ಆಡುತ್ತಾರೆಂದು ಒಳಗಿಟ್ಟರು. ಊರಿಗೆ ಹೊರಡುವ ಮುನ್ನಾದಿನ ಮಾಡಬೇಕಾದ ಕೆಲಸಗಳನ್ನು ಕನ್ನಡದಲ್ಲಿ ಹೇಳಿ ನೋಡಿ. ರಜೆ ಪಡೆಯಬೇಕು, ಬಾಕಿ ಚುಕ್ತಾ ಮಾಡಬೇಕು, ಜಮಾಖರ್ಚು ಬರೆಯಬೇಕು, ಕಾಗದಪತ್ರ ಹವಾಲೆ ಮಾಡಬೇಕು, ಸಾಮಾನು ರವಾನೆ ಮಾಡಬೇಕು, ಕೊನೆಗೆ ಸಹಿ ಹಾಕಿ ಚಾವಿ ಕೊಡಬೇಕು. ರಜೆ, ಬಾಕಿ, ಜಮಾ, ಖರ್ಚು, ಕಾಗದ, ಹವಾಲೆ, ಸಾಮಾನು, ರವಾನೆ, ಸಹಿ: ಎಲ್ಲವೂ ಅರಬಿ ಪಾರಸಿಗಳಿಂದ ಬಂದು ಕನ್ನಡವಾದವು. ಚಾವಿ ಮಾತ್ರ ಪೋರ್ಚುಗೀಸರದು, ಪಾದ್ರಿಯೂ ಅವರದೇ. ಭಾಷೆಯ ಶುದ್ಧತೆಗೆ ಹೋರಾಡುವವರು ಒಂದು ದಿನ ಊರು ಬಿಟ್ಟು ಹೊರಡಲು ಪ್ರಯತ್ನಿಸಿದರೆ ಸಾಕು, ಬುದ್ಧಿ ಬಂದೀತು.

ಈಗ ನಮ್ಮ ಕಡೆಗೆ ಬರೋಣ. ದೇವದುರ್ಗ ತಾಲೂಕಿನ ಗಬ್ಬೂರು ಹಳೆಯ ದೇವಾಲಯಗಳ, ಶಾಸನಗಳ ಊರು. ಮೋಗ್ಲಿಂಗ್, ಕಿಟೆಲ್ ಈ ಕಡೆಯವರಲ್ಲ. ಇದು ನಿಜಾಮರ ಸೀಮೆ. 1853ರಿಂದ 1860ರವರೆಗೆ ಮಾತ್ರ ರಾಯಚೂರು ದೋಆಬ್ ಇಂಗ್ಲಿಷರ ಕೈಯಲ್ಲಿತ್ತು. ಆದರೂ ಹೊರಡುವ ದಿನದ ಬರಹಕ್ಕೆ ಈ ಕಡೆಯೂ ಒಂದು ಪ್ರಸಿದ್ಧ ಉದಾಹರಣೆಯಿದೆ. ಕೃಷ್ಣೆಯ ಆಚೆ ದಡದ ಸುರಪುರದಲ್ಲಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಅಧಿಕಾರಿಯಾಗಿದ್ದರು. ಪಾದ್ರಿಯಲ್ಲ, ಆದರೆ ಜನ ಅವರನ್ನು ಮಹಾದೇವ ಬಾಬಾ ಎನ್ನುತ್ತಿದ್ದರಂತೆ. ಅವರು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ಅವರು ತೀರಿಕೊಂಡ ನಂತರ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಸುರಪುರ ಬಿಟ್ಟು ಹೊರಟ ಪ್ರಸಂಗವಿದೆ. ಜನ ಅತ್ತದ್ದು, ಹಿಂಬಾಲಿಸಿ ಬಂದದ್ದು. ಮಿಷನರಿ ಪತ್ರಗಳ ಮುನ್ನಾದಿನಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಸುವಾರ್ತೆಯ ಜಾಗದಲ್ಲಿ ಒಳ್ಳೆಯ ಆಡಳಿತ ಬಂದಿದೆ, ಅಷ್ಟೆ.

ಆದರೆ ಸುರಪುರದಲ್ಲಿ ಆಮೇಲಿನ ಕಥೆ ಗೊತ್ತಿದೆ. ಟೇಲರ್ ತಂದೆಯಂತೆ ನೋಡಿಕೊಂಡ ಬಾಲಕ ರಾಜಾ ವೆಂಕಟಪ್ಪ ನಾಯಕ ದೊಡ್ಡವನಾಗಿ ಅಧಿಕಾರ ವಹಿಸಿಕೊಂಡ ಹೊತ್ತಿಗೇ ಟೇಲರ್ ಹೊರಟದ್ದು. ಐದು ವರ್ಷದಲ್ಲಿ, 1858ರಲ್ಲಿ, ಆ ರಾಜ ಇಂಗ್ಲಿಷರ ವಿರುದ್ಧ ಎದ್ದ, ಸೋತ, ಸೆರೆಯಾದ. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡದ್ದು ಎನ್ನುತ್ತವೆ ಇಂಗ್ಲಿಷರ ದಾಖಲೆಗಳು. ಟೇಲರ್ ಮತ್ತೆ ಸುರಪುರಕ್ಕೆ ಬಂದದ್ದು ಕಮಿಷನರಾಗಿ. ಆ ಸಾವಿನ ಕಥೆಯನ್ನೂ ನಾವು ಹೆಚ್ಚಾಗಿ ಟೇಲರ್ ಬಾಯಿಂದಲೇ ಕೇಳಿದ್ದೇವೆ. ಅದರಲ್ಲಿ ದುಃಖವಿದೆ, ಪ್ರಾಮಾಣಿಕತೆಯೂ ಇದೆ. ಆದರೆ ಅಂದು ಅತ್ತ ಜನರು ಐದೇ ವರ್ಷದಲ್ಲಿ ಕತ್ತಿ ಹಿಡಿದರೆಂದರೆ ಆ ಅಳುವನ್ನು ಟೇಲರ್ ಪೂರ್ತಿಯಾಗಿ ಓದಿರಲಿಲ್ಲ ಎಂದೇ ಅರ್ಥ. ಪ್ರೀತಿಸಿದ ಮನುಷ್ಯನಿಗಾಗಿ ಅಳುವುದು, ಅವನ ಸರಕಾರದ ವಿರುದ್ಧ ಎದ್ದು ನಿಲ್ಲುವುದು, ಇವೆರಡೂ ಒಂದೇ ಎದೆಯಲ್ಲಿ ಇರಬಲ್ಲವು. ಹೊರಡುವವರು ಬರೆದ ಪುಟದಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗ.

ಗಬ್ಬೂರಿನ ಸುತ್ತಿನ ಹಳ್ಳಿಗಳಲ್ಲಿ ಹೊರಡುವ ಮುನ್ನಾದಿನ ಇಂದು ಹೊಸದೇನಲ್ಲ. ಮಳೆ ಕೈಕೊಟ್ಟರೆ, ಕೆಲವೊಮ್ಮೆ ಕೊಡದಿದ್ದರೂ, ದೇವದುರ್ಗ ಮಾನ್ವಿಗಳ ಕೂಲಿಯವರು ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುತ್ತಾರೆ. ಸಿಮೆಂಟಿನ ಚೀಲದಲ್ಲಿ ಪಾತ್ರೆ, ಜೋಳದ ಹಿಟ್ಟು, ಹಾಸಿಗೆ. ಮನೆಯ ಮುದುಕಿಗೆ ಮಕ್ಕಳನ್ನು ಒಪ್ಪಿಸಿ, ಅಂಗಡಿಯ ಉದ್ರಿಯನ್ನು ಅಷ್ಟೋ ಇಷ್ಟೋ ತೀರಿಸಿ ರಾತ್ರಿ ಬಸ್ಸು ಹತ್ತುತ್ತಾರೆ. ಊರಿಗೆ ಮರಳುವುದು ಮೊಹರಂ ಅಥವಾ ಉಗಾದಿಗೆ. ಮುದಗಲ್ಲಿನ ಮೊಹರಮ್ಮಿಗೆ ಎಲ್ಲ ಜಾತಿ ಮತದವರೂ ಬರುತ್ತಾರೆ. ಆ ಊರಿನಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳ ಕಾಲಕ್ಕೆ, ಅಂದರೆ ಆದಿಲ್‌ಶಾಹಿಗಳ ಕಾಲಕ್ಕೇ ಹೋಗುವ ಕ್ಯಾಥೊಲಿಕ್ ನೆಲೆಯೂ ಇದೆ. ಪಾದ್ರಿಗಳು ಬಂದರು, ಹೋದರು. ಕ್ರೈಸ್ತರಾದ ಕುಟುಂಬಗಳು ಅಲ್ಲೇ ಉಳಿದವು. ಅವರಿಗೆ ರಜೆಯ ಮೇಲೆ ಹೋಗಲು ಬೇರೆ ಸ್ವದೇಶವಿರಲಿಲ್ಲ.

ಈ ಗುಳೆಯ ಮುನ್ನಾದಿನದ ಬಗ್ಗೆ ಪತ್ರ ಬರೆಯುವವರಿಲ್ಲ, ಅಚ್ಚುಹಾಕುವ ಪತ್ರಿಕೆಯೂ ಇಲ್ಲ. ಬರೆದರೆ ಅದರ ಗಡಿಬಿಡಿ ಯಾವ ಮಿಷನರಿಯ ದಿನಕ್ಕೂ ಕಡಿಮೆಯಿರುವುದಿಲ್ಲ. ಎರಡೂ ದಿನಗಳನ್ನು ಪಕ್ಕದಲ್ಲಿಟ್ಟು ಓದಿದಾಗ ನಮಗೆ ತೋರುವ ವ್ಯತ್ಯಾಸ ಒಂದೇ. ಮಿಷನರಿ ತನ್ನ ಕೊನೆಯ ದಿನವನ್ನು ಅಪ್ಪಣೆ ಕೊಡುವುದರಲ್ಲಿ ಕಳೆಯುತ್ತಾರೆ, ಯಾರು ಏನು ಮಾಡಬೇಕು, ಯಾವ ಚಾವಿ ಯಾರ ಬಳಿ ಇರಬೇಕು ಎಂದು. ಗುಳೆ ಹೋಗುವವರು ಅದನ್ನು ಕೇಳಿಕೊಳ್ಳುವುದರಲ್ಲಿ ಕಳೆಯುತ್ತಾರೆ.

ಕೇಳಿಕೊಳ್ಳುವುದು ಎಂದಾಗ ನಮ್ಮವರ ಹಜ್ ಯಾತ್ರೆ ನೆನಪಾಗುತ್ತದೆ. ಹೊರಡುವ ಮುನ್ನ ಸಾಲ ತೀರಿಸಬೇಕು, ಅಮಾನತ್ತಾಗಿ ಇಟ್ಟದ್ದನ್ನು ಒಡೆಯರಿಗೆ ಮರಳಿಸಬೇಕು, ಯಾರಿಗೆ ಅನ್ಯಾಯ ಮಾಡಿದ್ದರೂ ಸರಿಪಡಿಸಬೇಕು, ಮನೆಯಲ್ಲಿ ಉಳಿಯುವವರ ಖರ್ಚಿಗೆ ಇಟ್ಟು ಹೋಗಬೇಕು ಎಂದು ಇಮಾಮ್ ಗಝ್ಝಾಲಿಯಂಥವರು ಬರೆದಿಟ್ಟಿದ್ದಾರೆ. ರಾಯಚೂರಿನ ದಖನಿ ಮಾತಿನಲ್ಲಿ ಅದು ‘ಕಹಾ ಸುನಾ ಮಾಫ್’ ಎಂಬ ಮೂರು ಪದವಾಗಿ ಉಳಿದಿದೆ. ಯಾತ್ರಿಕ ಮನೆಮನೆಗೆ ಹೋಗಿ ಅದನ್ನು ಹೇಳಬೇಕು. ಈಗೀಗ ಅದರ ಬದಲು ಶಾಮಿಯಾನ, ಹೂಮಾಲೆ, ಸನ್ಮಾನದ ಫ್ಲೆಕ್ಸ್ ಬಂದಿವೆ. ಮನೆಮನೆಗೆ ಹೋಗುವುದು ಫೋನಿಗೆ ಇಳಿದಿದೆ. ಧರ್ಮ ಪ್ರಚಾರಕ್ಕೆಂದು ನಲವತ್ತು ದಿನ ಹೊರಡುವ ನಮ್ಮ ಸಜ್ಜನರ ಅನುಭವ ಕಥನಗಳನ್ನೂ ಓದಿದ್ದೇವೆ. ಹೋದ ಊರಿನ ಜನ ಹೇಗೆ ಕಣ್ಣೀರಿಟ್ಟರೆಂಬುದು ಅವುಗಳಲ್ಲಿ ಇರುತ್ತದೆ. ಆ ನಲವತ್ತು ದಿನ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂಬುದು ಇರುವುದಿಲ್ಲ. ಬಾಸೆಲ್ಲಿನ ಪತ್ರಿಕೆಯನ್ನು ಪ್ರಶ್ನಿಸುವಾಗ ಇದನ್ನು ಬದಿಗಿಟ್ಟರೆ ಆ ಪ್ರಶ್ನೆಗೆ ಬೆಲೆಯಿಲ್ಲ.

ಹರ್ಮನ್ ಆನಂದರಾವ್ ಕೌಂಡಿಣ್ಯ 1893ರಲ್ಲಿ ತೀರಿಕೊಂಡ. ಮೋಗ್ಲಿಂಗ್ ಹೊರಟುಹೋಗಿ ಆಗ ಮೂವತ್ತಮೂರು ವರ್ಷ. ಕಿಟೆಲ್ ಹೊರಟು ಒಂದು ವರ್ಷ. ಗುಂಡರ್ಟ್ 1859ರಲ್ಲೇ ಹೋಗಿದ್ದರು, ಅವರೂ 1893ರಲ್ಲೇ ದೂರದ ಕಾಲ್ವ್ ಊರಿನಲ್ಲಿ ಕಣ್ಣುಮುಚ್ಚಿದರು. ಬಾಸೆಲ್ಲಿನಲ್ಲಿ ಐದು ವರ್ಷ ಕಳೆದು ಮರಳಿದ ಕೌಂಡಿಣ್ಯ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಈ ನೆಲದಲ್ಲೇ ಪಾಠ ಹೇಳಿ, ಅನುವಾದ ಮಾಡಿ ದುಡಿದ. ಬಂದು ಹೋದವರನ್ನೆಲ್ಲ ಬರಮಾಡಿಕೊಂಡು ಬೀಳ್ಕೊಟ್ಟ ಪೀಳಿಗೆ ಅವನದು. ಪ್ರತಿಮೆಯಾಗಲಿ ಬಡಾವಣೆಯಾಗಲಿ ಅವನ ಹೆಸರಿನಲ್ಲಿರುವುದು ನಾವು ಕೇಳಿಲ್ಲ. ಅವನ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಬಂದರೆ ಅದರ ಮೊದಲ ಅಧ್ಯಾಯ ದೀಕ್ಷಾಸ್ನಾನದಿಂದ ಶುರುವಾಗದೆ, ಹಡಗು ಹೊರಟ ಮರುದಿನದ ಮಂಗಳೂರಿನಿಂದ ಶುರುವಾಗಲಿ.